ತೋಳಿಗೆ ಸ್ಟಿಕ್ಕರ್ ಅಂಟಿಸಿ ಇಎಂಜಿ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಲಕ್ವ ಹೊಡೆದವರ ಮನೆಯವರು, ಜಿಮ್ ಹುಡುಗರು, ಬ್ಯಾಡ್ಮಿಂಟನ್ ಕೋಚ್‌ಗಳು, ಫೈನಲ್ ಇಯರ್ ಪ್ರಾಜೆಕ್ಟ್ ಮಾಡುವ ಇಂಜಿನಿಯರಿಂಗ್ ಮಕ್ಕಳು. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಇಎಂಜಿ ಅಂದರೆ ಎಲೆಕ್ಟ್ರೋಮಯೋಗ್ರಫಿ, ಸ್ನಾಯು ಬಿಗಿದಾಗ ಹುಟ್ಟುವ ವಿದ್ಯುತ್ತನ್ನು ಅಳೆಯುವುದು. ಸ್ಟಿಕ್ಕರ್ ಅಂದರೆ ಅದಕ್ಕಾಗಿ ಚರ್ಮದ ಮೇಲೆ ಅಂಟಿಸುವ ಎಲೆಕ್ಟ್ರೋಡ್. ಇಲ್ಲಿರುವುದು ಭುಜದಿಂದ ಮಣಿಕಟ್ಟಿನವರೆಗಿನ ಮಾತು ಮಾತ್ರ. ಬೆನ್ನು, ಕಾಲಿನ ಕಥೆ ಬೇರೆ.

ಕರೆಂಟ್ ಕೊಡ್ತೀರಾ? ಶಾಕ್ ಹೊಡೆಯುತ್ತಾ?

ಇಲ್ಲ. ನಮ್ಮ ಕಡೆ ಫಿಸಿಯೋಥೆರಪಿ ಅಂದರೆ ಅರ್ಧ ಜನಕ್ಕೆ ನೆನಪಾಗುವುದೇ "ಕರೆಂಟ್ ಇಡೋದು". ನೋವಿಗೆ ಐಎಫ್‌ಟಿ, ಟೆನ್ಸ್ ಅಂತ ಇಡುತ್ತಾರಲ್ಲ, ಜುಮ್ ಜುಮ್ ಅನ್ನುತ್ತದಲ್ಲ, ಅದು. ಅಲ್ಲಿ ಯಂತ್ರದಿಂದ ಮೈಗೆ ಕರೆಂಟ್ ಹೋಗುತ್ತದೆ. ಇಎಂಜಿಯಲ್ಲಿ ಉಲ್ಟಾ. ನಿಮ್ಮ ಸ್ನಾಯುವಿನಲ್ಲಿ ಹುಟ್ಟುವ ವಿದ್ಯುತ್ತನ್ನು ಯಂತ್ರ ಸುಮ್ನೆ ಕೇಳಿಸಿಕೊಳ್ಳುತ್ತದೆ, ಅಷ್ಟೇ. ನೋವು ಅಂತ ಇದ್ದರೆ ಅದು ಕೊನೆಗೆ ಸ್ಟಿಕ್ಕರ್ ಕೀಳುವಾಗ.

ಸ್ನಾಯುವಿನಲ್ಲಿ ವಿದ್ಯುತ್ ಎಲ್ಲಿಂದ ಬರುತ್ತದೆ? ಎಷ್ಟಿರುತ್ತದೆ?

ಕೈ ಮಡಚಬೇಕು ಅಂತ ಮಿದುಳು ಆದೇಶ ಕೊಡುತ್ತದೆ. ಆದೇಶ ಬೆನ್ನುಹುರಿಗೆ ಬಂದು, ಅಲ್ಲಿಂದ ನರದ ಮೂಲಕ ಸ್ನಾಯುವಿಗೆ ಇಳಿಯುತ್ತದೆ. ನರ ಬಂದು ಸೇರಿದ ಜಾಗದಿಂದ ಸ್ನಾಯುವಿನ ಎಳೆಗಳ ಉದ್ದಕ್ಕೂ ಒಂದು ವಿದ್ಯುತ್ ಅಲೆ ಎರಡೂ ಕಡೆಗೆ ಓಡುತ್ತದೆ, ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ. ಇಂಥ ನೂರಾರು ಅಲೆಗಳು ಒಂದರ ಮೇಲೊಂದು ಬಿದ್ದು, ಕೊಬ್ಬು ಮತ್ತು ಚರ್ಮ ದಾಟಿ, ಸ್ಟಿಕ್ಕರ್‌ಗೆ ಬರುವಷ್ಟರಲ್ಲಿ ಉಳಿಯುವುದು ಹೆಚ್ಚೆಂದರೆ ಕೆಲವು ಮಿಲಿವೋಲ್ಟ್. ರಿಮೋಟ್‌ಗೆ ಹಾಕುವ ಪೆನ್ಸಿಲ್ ಸೆಲ್ 1.5 ವೋಲ್ಟ್ ಅಲ್ವಾ, ಅದರ ಸಾವಿರದೈನೂರರಲ್ಲಿ ಒಂದು ಪಾಲು ಅಂದರೆ 1 ಮಿಲಿವೋಲ್ಟ್. ಇಷ್ಟು ಸಣ್ಣ ದನಿ ಕೇಳಬೇಕು ಅಂದಾಗ ಪಕ್ಕದ ಗಲಾಟೆಯೇ ದೊಡ್ಡ ತಲೆನೋವು. ಕೆಳಗಿನ ಅರ್ಧ ಪ್ರಶ್ನೆಗಳು ಆ ಗಲಾಟೆಯದೇ.

ಡಾಕ್ಟರು ಸೂಜಿ ಚುಚ್ಚಿ ಮಾಡುವ ಇಎಂಜಿಯೂ ಇದೇನಾ?

ಹೆಸರು ಒಂದೇ, ಕೆಲಸ ಬೇರೆ. ನರಕ್ಕೆ ಪೆಟ್ಟಾಗಿದೆಯಾ, ಸ್ನಾಯುವಿನದೇ ಕಾಯಿಲೆಯಾ ಅಂತ ಪತ್ತೆ ಮಾಡಲು ನರರೋಗದ ವೈದ್ಯರು ಸೂಜಿ ಬಳಸುತ್ತಾರೆ. ಸೂಜಿ ಸಣ್ಣ ಜಾಗದ್ದನ್ನು ಮಾತ್ರ, ಆದರೆ ತುಂಬ ಸ್ಪಷ್ಟವಾಗಿ ಹೇಳುತ್ತದೆ. ಸ್ಟಿಕ್ಕರ್ ಇಡೀ ಸ್ನಾಯುವಿನ ಒಟ್ಟು ಗದ್ದಲ ಹೇಳುತ್ತದೆ: ಯಾವಾಗ ಶುರುವಾಯಿತು, ಯಾವಾಗ ನಿಂತಿತು, ಹೆಚ್ಚುಕಮ್ಮಿ ಎಷ್ಟು. ಡಾಕ್ಟರು ಸೂಜಿ ಪರೀಕ್ಷೆ ಬರೆದುಕೊಟ್ಟಿದ್ದರೆ "ಇಲ್ಲಿ ಸ್ಟಿಕ್ಕರ್‌ನಲ್ಲೇ ಮಾಡ್ತಾರಂತೆ" ಅಂತ ಇದನ್ನು ಮಾಡಿಸಿಕೊಂಡು ಹೋಗಬೇಡಿ. ಅದಕ್ಕೆ ಇದು ಬದಲಿ ಅಲ್ಲ.

ಬೈಸೆಪ್ಸ್ ಮೇಲೆ ಎಲ್ಲಿ ಅಂಟಿಸಬೇಕು? ಉಬ್ಬಿದ ಜಾಗದ ನಟ್ಟ ನಡುವೆ ಅಲ್ವಾ?

ಎಲ್ಲರೂ ಮಾಡುವ ತಪ್ಪು ಇದೇ. ಜಿಮ್‌ನಲ್ಲಿ ಉಬ್ಬಿಸಿ ತೋರಿಸುವ ಗುಡ್ಡದ ತುದಿ ಕೈ ಬೀಸಿ ಕರೆಯುತ್ತದೆ, ಅಲ್ಲೇ ಅಂಟಿಸಿಬಿಡುತ್ತಾರೆ. ಬೈಸೆಪ್ಸ್‌ನಲ್ಲಿ ನರ ಬಂದು ಸೇರುವ ಪಟ್ಟಿ ಇರುವುದು ಹೆಚ್ಚುಕಮ್ಮಿ ಆ ನಡುಭಾಗದಲ್ಲೇ. ಅಲೆ ಅಲ್ಲಿಂದ ಎರಡೂ ಕಡೆಗೆ ಓಡುತ್ತದೆ ಅಂದೆನಲ್ಲ. ನಿಮ್ಮ ಎರಡು ಸ್ಟಿಕ್ಕರ್ ಆ ಪಟ್ಟಿಯ ಆಚೆ ಒಂದು, ಈಚೆ ಒಂದು ಕೂತರೆ ಎರಡಕ್ಕೂ ಒಂದೇ ಹೊತ್ತಿಗೆ ಒಂದೇ ಥರದ ಅಲೆ ತಲುಪುತ್ತದೆ. ಯಂತ್ರ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಉಳಿಯುವುದು ಚೂರೇ ಚೂರು. ಬಲಶಾಲಿ ಹುಡುಗನ ಗ್ರಾಫ್ ಸಪ್ಪೆಯಾಗಿ ಬಂದು ಅವನ ಮುಖ ಬಾಡುತ್ತದೆ.

ಯುರೋಪಿನಲ್ಲಿ 1990ರ ದಶಕದ ಕೊನೆಗೆ ಸೆನಿಯಾಮ್ ಅನ್ನುವ ಯೋಜನೆಯಡಿ ಇದಕ್ಕೆಲ್ಲ ಒಂದು ಪದ್ಧತಿ ಬರೆದರು. ಅದರ ಪ್ರಕಾರ ಭುಜದ ತುದಿಯ ಎಲುಬಿನ ಒಳ ಅಂಚಿನಿಂದ ಮೊಣಕೈ ಮಡಚುವ ಸಂದಿನವರೆಗೆ ಒಂದು ಗೆರೆ ಅಂದುಕೊಳ್ಳಿ. ಸಂದಿನಿಂದ ಮೇಲಕ್ಕೆ ಆ ಗೆರೆಯ ಮೂರನೇ ಒಂದು ಭಾಗದಲ್ಲಿ ಅಂಟಿಸಿ. ಎರಡು ಸ್ಟಿಕ್ಕರ್‌ಗಳ ಕೇಂದ್ರದಿಂದ ಕೇಂದ್ರಕ್ಕೆ 20 ಮಿಲಿಮೀಟರ್ ಇರಲಿ. ಜೋಡಿ ಸ್ನಾಯುವಿನ ಎಳೆಯ ಉದ್ದಕ್ಕೆ ಇರಬೇಕು, ಅಡ್ಡಕ್ಕಲ್ಲ. ಮೂರನೆಯ ಸ್ಟಿಕ್ಕರ್, ಅಂದರೆ ಹೋಲಿಕೆಗೆ ಇಡುವ ರೆಫರೆನ್ಸ್, ಮಣಿಕಟ್ಟಿನ ಹತ್ತಿರ. ಅಂಟಿಸಿದ ಮೇಲೆ ಮೊಣಕೈಯನ್ನು 90 ಡಿಗ್ರಿಗೆ ಮಡಚಿ, ಅಂಗೈ ಮೇಲೆ ಮಾಡಿ, ಯಾರಾದರೂ ಮಣಿಕಟ್ಟು ಕೆಳಗೆ ಒತ್ತಲಿ. ಪರದೆ ಮೇಲೆ ಗೆರೆ ಎದ್ದರೆ ಸರಿ.

ಇನ್ನೊಂದು ಮಾತು. ಬೈಸೆಪ್ಸ್ ಕೆಳಗೆ ಬ್ರೇಕಿಯಾಲಿಸ್ ಅಂತ ಇನ್ನೊಂದು ದಪ್ಪ ಸ್ನಾಯು ಮಲಗಿದೆ. ಮೊಣಕೈ ಮಡಚುವ ಕೂಲಿ ಕೆಲಸದಲ್ಲಿ ದೊಡ್ಡ ಪಾಲು ಅದರದು. ಅದನ್ನು ಸ್ಟಿಕ್ಕರ್‌ನಿಂದ ಬೇರೆಯಾಗಿ ಹಿಡಿಯುವುದು ಕಷ್ಟ. "ಬೈಸೆಪ್ಸ್ ಕಮ್ಮಿ ಬಂತು, ಆದರೂ ಕೈ ಮಡಚಿತಲ್ಲ" ಅಂದರೆ ಇದೂ ಒಂದು ಕಾರಣ.

ಟ್ರೈಸೆಪ್ಸ್? ಮುಂಗೈ?

ತೋಳಿನ ಹಿಂಭಾಗದ ಟ್ರೈಸೆಪ್ಸ್ ಸುಲಭ. ಅದರ ಒಂದೊಂದು ಭಾಗಕ್ಕೆ ತಲೆ ಅನ್ನುತ್ತಾರೆ. ಭುಜದ ತುದಿಯ ಹಿಂಭಾಗದಿಂದ ಮೊಣಕೈ ಚೂಪಿನವರೆಗಿನ ಗೆರೆಯ ಅರ್ಧಕ್ಕೆ ಬನ್ನಿ. ಅಲ್ಲಿಂದ ಎರಡು ಬೆರಳಗಲ ಒಳಕ್ಕೆ ಹೋದರೆ ಉದ್ದ ತಲೆ, ಎರಡು ಬೆರಳಗಲ ಹೊರಕ್ಕೆ ಹೋದರೆ ಹೊರತಲೆ.

ಮುಂಗೈ ಸಂತೆ. ಸುಮಾರು 20 ಸ್ನಾಯುಗಳು ಒತ್ತೊತ್ತಾಗಿ ತುಂಬಿಕೊಂಡಿವೆ, ಕೆಲವು ಬೆರಳಿಗಿಂತ ತೆಳು. ನೀವು ಮಣಿಕಟ್ಟು ಎತ್ತುವ ಸ್ನಾಯು ಅಂತ ಅಂಟಿಸಿದರೆ ಪಕ್ಕದಲ್ಲಿ ಬೆರಳು ಎತ್ತುವವನೂ ಕೂಗುತ್ತಿರುತ್ತಾನೆ. ಸ್ಟಿಕ್ಕರ್‌ಗೆ ಇಬ್ಬರ ದನಿಯೂ ಬೀಳುತ್ತದೆ. ಇದಕ್ಕೆ ಕ್ರಾಸ್‌ಟಾಕ್ ಅನ್ನುತ್ತಾರೆ. ಮುಂಗೈ ವಿಷಯದಲ್ಲಿ ನಾನು "ಎಕ್ಸ್‌ಟೆನ್ಸರ್ ಗುಂಪು" (ಎತ್ತುವವು), "ಫ್ಲೆಕ್ಸರ್ ಗುಂಪು" (ಮಡಚುವವು) ಅಂತಲೇ ಬರೆಯುತ್ತೇನೆ. ದೊಡ್ಡ ಸ್ಟಿಕ್ಕರ್ ಇಟ್ಟು ಒಂದೊಂದು ಸ್ನಾಯುವಿನ ಲ್ಯಾಟಿನ್ ಹೆಸರು ಹಾಕಿದ ರಿಪೋರ್ಟ್ ನೋಡಿದರೆ ನನಗೆ ಸ್ವಲ್ಪ ನಗು ಬರುತ್ತದೆ.

ಕೂದಲು ಬೋಳಿಸಲೇಬೇಕಾ?

ಮುಂಗೈ ಮೇಲೆ ಕೂದಲು ದಟ್ಟವಾಗಿದ್ದರೆ ಬೋಳಿಸಿ. ಆಮೇಲೆ ಸ್ಪಿರಿಟ್ ಹತ್ತಿಯಿಂದ ಚರ್ಮ ನಸುಗೆಂಪಾಗುವಷ್ಟು ಉಜ್ಜಿ, ಒಣಗಲು ಬಿಟ್ಟು, ಆಮೇಲೆ ಅಂಟಿಸಿ. ಕೊಬ್ಬರಿ ಎಣ್ಣೆ, ಬಾಡಿ ಲೋಷನ್ ಹಚ್ಚಿಕೊಂಡು ಬಂದರೆ ಮೊದಲು ಸೋಪು ಹಾಕಿ ತೊಳೆಯಿರಿ. ಸತ್ತ ಚರ್ಮ, ಎಣ್ಣೆ, ಬೆವರು ಎಲ್ಲವೂ ಅಡ್ಡಗೋಡೆ.

ಬೋಳಿಸಲು ಬೇಜಾರು ಮಾಡಿಕೊಳ್ಳುವವರಿಗೆ ನಾನು ಬರ್ಲಿನ್ನಿನ ವಿಜ್ಞಾನಿ ದು ಬ್ವಾ ರೇಮೋಂ ಕಥೆ ಹೇಳುತ್ತೇನೆ. ಮನುಷ್ಯ ತಾನಾಗಿ ಕೈ ಬಿಗಿದಾಗ ವಿದ್ಯುತ್ ಹುಟ್ಟುತ್ತದೆ ಅಂತ 1849ರಲ್ಲಿ ತೋರಿಸಿದವರು ಅವರು. ಚರ್ಮ ಅಡ್ಡ ಬರುತ್ತಿದೆ ಅಂತ ಗೊತ್ತಾದಾಗ ಮುಂಗೈ ಮೇಲೆ ಬೊಬ್ಬೆ ಎಬ್ಬಿಸಿ, ಆ ಚರ್ಮ ಸುಲಿದು, ಹಸಿ ಗಾಯದ ಮೂಲಕವೇ ಅಳೆದರು. ರೇಜರ್ ಎಷ್ಟೋ ವಾಸಿ.

ಮೆಡಿಕಲ್ ಶಾಪ್‌ನಲ್ಲಿ ಸಿಗುವ ಇಸಿಜಿ ಸ್ಟಿಕ್ಕರ್ ನಡೆಯುತ್ತದಾ?

ನಡೆಯುತ್ತದೆ. ಅದೂ ಬೆಳ್ಳಿ ಮತ್ತು ಬೆಳ್ಳಿ ಕ್ಲೋರೈಡಿನದೇ. ತೊಂದರೆ ಏನೆಂದರೆ ಸುತ್ತಲಿನ ಅಂಟಿನ ಬಿಲ್ಲೆ ಅಗಲ, 20 ಮಿಲಿಮೀಟರ್ ಅಂತರಕ್ಕೆ ಎರಡು ಹಿಡಿಸುವುದಿಲ್ಲ. ಅಂಚು ಕತ್ತರಿಸಿ, ನಡುವಿನ ಜೆಲ್ ಮುಟ್ಟಬೇಡಿ. ಎರಡರ ಜೆಲ್ ಒಂದಕ್ಕೊಂದು ಹರಿದು ಸೇರಿದರೆ ಅಲ್ಲಿಗೆ ಅಳತೆ ಮುಗಿದಂತೆ.

ಕೈ ಆಡಿಸದಿದ್ದರೂ ಪರದೆ ತುಂಬ ದಪ್ಪ ಪಟ್ಟಿ ಬರುತ್ತದೆ. ಏನು ಮಾಡಲಿ?

ಅದು ಮನೆ ಕರೆಂಟು, 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುವುದು. ಗೋಡೆಯೊಳಗಿನ ವೈರು, ಟ್ಯೂಬ್‌ಲೈಟು, ಫ್ಯಾನು, ಎಲ್ಲದರಿಂದಲೂ ನಿಮ್ಮ ಮೈ ಅದನ್ನು ಹಿಡಿಯುತ್ತದೆ. ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತುಬಿಡಿ, ಬ್ಯಾಟರಿಯಲ್ಲಿ ಓಡಿಸಿ. ಇದು ಸುರಕ್ಷತೆಗೂ ಬೇಕು: ಮನೆಯಲ್ಲೇ ಜೋಡಿಸಿದ ಬೋರ್ಡನ್ನು ಮೈಗೆ ಅಂಟಿಸಿಕೊಂಡಿರುವಾಗ ಗೋಡೆಯ ಪ್ಲಗ್ಗಿಗೆ ಸಂಬಂಧವೇ ಇರಬಾರದು. ಆಮೇಲೆ ರೆಫರೆನ್ಸ್ ಸ್ಟಿಕ್ಕರ್ ಸರಿಯಾಗಿ ಹಿಡಿದಿದೆಯಾ ನೋಡಿ. ಹತ್ತರಲ್ಲಿ ಏಳು ಸಲ ಕಳ್ಳ ಅವನೇ. ವೈರುಗಳನ್ನು ಹೆಣೆದು ಒಟ್ಟಿಗೆ ಇಡಿ, ತೂಗಾಡಲು ಬಿಡಬೇಡಿ.

ಸಾಫ್ಟ್‌ವೇರಿನಲ್ಲಿ ನಾಚ್ ಫಿಲ್ಟರ್ ಹಾಕಿ 50 ಹರ್ಟ್ಜ್ ಕತ್ತರಿಸಿದರಾಯಿತು ಅನ್ನುತ್ತಾರೆ. ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಸ್ನಾಯುವಿನ ಸಿಗ್ನಲ್‌ನ ದಟ್ಟ ಭಾಗವೂ 50ರಿಂದ 150 ಹರ್ಟ್ಜ್ ಒಳಗೇ ಇದೆ. ಕಳೆ ಕೀಳಲು ಹೋಗಿ ಪೈರನ್ನೂ ಕಿತ್ತ ಹಾಗೆ. ಮೊದಲು ಚರ್ಮ ಮತ್ತು ವೈರು ಸರಿ ಮಾಡಿ, ಫಿಲ್ಟರ್ ಕೊನೆಗೆ.

ಕಡಿಮೆ ಬೆಲೆಯ ಸೆನ್ಸರ್ ಬೋರ್ಡ್ ಸಾಕಾ?

ಏನಕ್ಕೆ ಅನ್ನುವುದರ ಮೇಲೆ ಹೋಗುತ್ತದೆ. ಸಿಗ್ನಲ್ ಸುಮಾರು 10ರಿಂದ 500 ಹರ್ಟ್ಜ್‌ವರೆಗೆ ಹರಡಿದೆ, ಹಾಗಾಗಿ 500ರ ಎರಡರಷ್ಟು, ಅಂದರೆ ಸೆಕೆಂಡಿಗೆ ಕನಿಷ್ಠ 1000 ಸಲ ಅಳೆಯಬೇಕು. ಕೆನಡಾದ ಥಾಲ್ಮಿಕ್ ಲ್ಯಾಬ್ಸ್ ಮಾಡುತ್ತಿದ್ದ ಮಯೋ ಪಟ್ಟಿ ಬಹಳ ಹೆಸರು ಮಾಡಿತ್ತು. ಮುಂಗೈಗೆ ಬಳೆಯಂತೆ ಹಾಕಿಕೊಳ್ಳುವುದು, ಒಳಗೆ 8 ಸೆನ್ಸರ್. ಅಳೆಯುತ್ತಿದ್ದದ್ದು ಸೆಕೆಂಡಿಗೆ 200 ಸಲ ಮಾತ್ರ. ಮುಷ್ಟಿ ಬಿಗಿದರಾ, ಕೈ ಬಿಚ್ಚಿದರಾ ಅಂತ ಗುರುತಿಸಲು ಅಷ್ಟು ಸಾಕು. ಸುಸ್ತಿನ ಲೆಕ್ಕ ಹಾಕಲು ಸಾಲದು. 2018ರಲ್ಲಿ ಅದರ ಮಾರಾಟವೂ ನಿಂತಿತು.

ಕೆಲವು ಬೋರ್ಡ್‌ಗಳು ಒಳಗೇ ಸಿಗ್ನಲ್ಲನ್ನು ನಯ ಮಾಡಿ ಒಂದು ಏರಿಳಿಯುವ ಗೆರೆ ಮಾತ್ರ ಕೊಡುತ್ತವೆ. ಆಟಿಕೆ ಕೈ ಓಡಿಸಲು ಸರಿ. ಅಳತೆಗಾದರೆ ಕಚ್ಚಾ ಸಿಗ್ನಲ್ ಕೊಡುವ ಬೋರ್ಡ್ ತೊಗೊಳ್ಳಿ.

ನನ್ನದು 400 ಮೈಕ್ರೋವೋಲ್ಟ್, ಗೆಳೆಯನದು 900. ಅವನಿಗೆ ಶಕ್ತಿ ಜಾಸ್ತಿನಾ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಇಎಂಜಿ ಶಕ್ತಿಯ ತಕ್ಕಡಿ ಅಲ್ಲ. ಅವನ ಚರ್ಮದ ಕೆಳಗೆ ಕೊಬ್ಬು ಕಮ್ಮಿ ಇರಬಹುದು, ನಿಮ್ಮದು ಜಾಸ್ತಿ ಇರಬಹುದು. ಕೊಬ್ಬು ಕಂಬಳಿ ಇದ್ದ ಹಾಗೆ, ದನಿಯನ್ನು ಅಡಗಿಸುತ್ತದೆ. ಅವನ ಸ್ಟಿಕ್ಕರ್ ಒಳ್ಳೆಯ ಜಾಗದಲ್ಲಿ ಕೂತಿರಬಹುದು. ನಿಮ್ಮದೇ ಕೈಯಲ್ಲಿ ಬೆಳಿಗ್ಗೆ ಅಂಟಿಸಿ, ಕಿತ್ತು, ಸಂಜೆ ಒಂದು ಸೆಂಟಿಮೀಟರ್ ಆಚೆ ಅಂಟಿಸಿದರೆ ಸಂಖ್ಯೆ ಬೇರೆ ಬರುತ್ತದೆ. ಸಂಜೆಗೆ ನಿಮ್ಮ ಶಕ್ತಿ ಎಲ್ಲಿಗೆ ಹೋಯಿತು?

ಹಾಗಾಗಿ ಮೈಕ್ರೋವೋಲ್ಟನ್ನು ಹಾಗೇ ಹೋಲಿಸುವುದಿಲ್ಲ. ಸ್ಟಿಕ್ಕರ್ ಅಂಟಿಸಿದ ಮೇಲೆ ಮೊದಲು ಆ ಸ್ನಾಯುವನ್ನು ಪೂರ್ತಿ ಜೋರಾಗಿ ಬಿಗಿಸುತ್ತೇವೆ, ಅಲ್ಲಾಡದ ಪಟ್ಟಿಯ ವಿರುದ್ಧ, 3ರಿಂದ 5 ಸೆಕೆಂಡು. ಒಂದೆರಡು ನಿಮಿಷ ಬಿಟ್ಟು ಮತ್ತೆ. ಒಟ್ಟು ಮೂರು ಸಲ. ಪಕ್ಕದಲ್ಲಿ ನಿಂತು "ಎಳಿ, ಎಳಿ, ಬಿಡಬೇಡ" ಅಂತ ಕೂಗುವುದೂ ಪರೀಕ್ಷೆಯ ಭಾಗ, ನಾಚಿಕೊಳ್ಳಬೇಡಿ. ಬಂದ ಗರಿಷ್ಠವನ್ನು 100 ಅಂತ ಇಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಅದರ ಶೇಕಡಾ ಲೆಕ್ಕದಲ್ಲಿ ಹೇಳುತ್ತೇವೆ. ಹೀಗೆ ಪೂರ್ತಿ ಜೋರಾಗಿ ಬಿಗಿಯುವುದಕ್ಕೆ ಎಂವಿಸಿ ಅನ್ನುತ್ತಾರೆ, ಅಂದರೆ ನಾವಾಗಿ ಬಿಗಿಯಬಲ್ಲ ಗರಿಷ್ಠ. ಸ್ಟಿಕ್ಕರ್ ಕಿತ್ತರೆ ಎಂವಿಸಿಯೂ ಹೋಯಿತು. ಮತ್ತೆ ಅಂಟಿಸಿದಾಗ ಮತ್ತೆ ಮಾಡಬೇಕು.

ಚೆಂಡು ಎಸೆದಾಗ 130% ಬಂತು. ಯಂತ್ರ ಕೆಟ್ಟಿದೆಯಾ?

ಇಲ್ಲ. ಒಂದೋ ಎಂವಿಸಿ ಪರೀಕ್ಷೆಯಲ್ಲಿ ಪೂರ್ತಿ ಜೋರು ಹಾಕಿಲ್ಲ, ಅಥವಾ ವೇಗದ ಎಸೆತದಲ್ಲಿ ನಿಜವಾಗಿಯೂ ಅದಕ್ಕಿಂತ ಜಾಸ್ತಿ ಬಂದಿದೆ. ಎರಡೂ ಆಗುತ್ತದೆ. ಮೂರನೆಯದೂ ಇದೆ: ವೈರು ಎಳೆದಾಡಿ ಬಂದ ಸುಳ್ಳು ಏರಿಕೆ. ಅದು ಸಾಮಾನ್ಯವಾಗಿ 20 ಹರ್ಟ್ಜ್ ಕೆಳಗಿರುತ್ತದೆ, ಫಿಲ್ಟರ್‌ನಿಂದ ಬಹುಪಾಲು ಹೋಗುತ್ತದೆ. ಜೊತೆಗೆ ಕೈ ವೇಗವಾಗಿ ಮಡಚಿದಾಗ ಚರ್ಮ ಅಲ್ಲೇ ಇರುತ್ತದೆ, ಸ್ನಾಯು ಅದರ ಕೆಳಗೆ ಜಾರುತ್ತದೆ. ಶುರುವಿನಲ್ಲಿ ಒಂದು ಭಾಗವನ್ನು ಅಳೆದ ಸ್ಟಿಕ್ಕರ್ ಕೊನೆಗೆ ಇನ್ನೊಂದು ಭಾಗವನ್ನು ಅಳೆಯುತ್ತಿರುತ್ತದೆ. ಆಟದ ಅಳತೆ ಕಷ್ಟ ಆಗುವುದು ಇಲ್ಲೇ.

ರೀಲ್ಸ್‌ನಲ್ಲಿ "ಈ ಎಕ್ಸರ್‌ಸೈಜ್‌ಗೆ ಬೈಸೆಪ್ಸ್ ಆಕ್ಟಿವೇಶನ್ ಅತಿ ಹೆಚ್ಚು" ಅಂತಾರಲ್ಲ. ಅದನ್ನೇ ಮಾಡಲಾ?

ಮಾಡಿ, ಆದರೆ ಆ ಸಂಖ್ಯೆ ನಂಬಿ ಅಲ್ಲ. ಒಂದು ಸೆಟ್‌ನಲ್ಲಿ ಎಷ್ಟು ವಿದ್ಯುತ್ ಎದ್ದಿತು ಅನ್ನುವುದು ಮೂರು ತಿಂಗಳಲ್ಲಿ ಸ್ನಾಯು ಎಷ್ಟು ಬೆಳೆಯುತ್ತದೆ ಅನ್ನುವುದಕ್ಕೆ ಜಾತಕ ಅಲ್ಲ. ಎತ್ತಿದ ತೂಕ ಇಳಿಸುವಾಗ, ಅಂದರೆ ಸ್ನಾಯು ಉದ್ದವಾಗುತ್ತಾ ತಡೆಯುವಾಗ, ಅದೇ ತೂಕಕ್ಕೆ ಇಎಂಜಿ ಎತ್ತುವಾಗಿನದಕ್ಕಿಂತ ಕಮ್ಮಿ ಬರುತ್ತದೆ. ಹಾಗಂತ ಇಳಿಸುವುದು ದಂಡ ಅಂತ ಯಾವ ಕೋಚೂ ಹೇಳುವುದಿಲ್ಲ.

ಜಿಮ್‌ನವರಿಗೆ ಇಎಂಜಿ ಹೇಳಿಕೊಟ್ಟ ನಿಜವಾದ ಒಳ್ಳೆಯ ಪಾಠ ಬೇರೆ ಇದೆ. 1979ರಲ್ಲಿ ಮೊರಿತಾನಿ ಮತ್ತು ಡಿವ್ರೀಸ್ ಅನ್ನುವ ಇಬ್ಬರು ಸಂಶೋಧಕರು ಮೊಣಕೈ ಮಡಚುವ ಸ್ನಾಯುಗಳಿಗೆ 8 ವಾರ ಡಂಬೆಲ್ ತರಬೇತಿ ಕೊಟ್ಟು ಇಎಂಜಿ ನೋಡಿದರು. ಮೊದಲ ಕೆಲವು ವಾರ ಶಕ್ತಿ ಏರಿತು, ಆದರೆ ಅದರಲ್ಲಿ ದೊಡ್ಡ ಪಾಲು ಸ್ನಾಯು ದಪ್ಪವಾಗಿದ್ದರಿಂದ ಅಲ್ಲ, ನರಗಳು ಸ್ನಾಯುವನ್ನು ಜಾಸ್ತಿ ಎಬ್ಬಿಸಲು ಕಲಿತಿದ್ದರಿಂದ. ದಪ್ಪವಾಗುವುದು ಆಮೇಲೆ ಮುಂದೆ ಬಂತು. ತಮಾಷೆ ಏನೆಂದರೆ ತರಬೇತಿ ಕೊಡದ ಇನ್ನೊಂದು ಕೈಗೂ ಸ್ವಲ್ಪ ಶಕ್ತಿ ಬಂತು. ಒಂದು ಕೈಗೆ ಪ್ಲಾಸ್ಟರ್ ಹಾಕಿದಾಗ ಇನ್ನೊಂದು ಕೈಗೆ ವ್ಯಾಯಾಮ ಮಾಡಿಸುವುದರ ಹಿಂದೆ ಇದೇ ಯೋಚನೆ. ಹಾಗಾಗಿ ಮೂರನೇ ವಾರ ಟೇಪ್ ಹಿಡಿದು ತೋಳು ಅಳೆದು ಅಳಬೇಡಿ.

ಸುಸ್ತಾದಾಗ ಸಿಗ್ನಲ್ ಕಮ್ಮಿ ಆಗಬೇಕಲ್ವಾ? ನನಗೆ ಜಾಸ್ತಿ ಆಯಿತು.

ಸರಿಯಾಗೇ ಬಂದಿದೆ. ನೀರಿನ ಕ್ಯಾನ್ ಹಿಡಿದು ಮೊಣಕೈ 90 ಡಿಗ್ರಿಯಲ್ಲಿ ನಿಲ್ಲಿಸಿ. ಎಳೆಗಳು ದಣಿದಂತೆ ಮಿದುಳು ಹೊಸ ಎಳೆಗಳನ್ನು ಕೆಲಸಕ್ಕೆ ಕರೆಯುತ್ತದೆ, ಸಿಗ್ನಲ್‌ನ ಎತ್ತರ ಏರುತ್ತದೆ. ಅದೇ ಹೊತ್ತಿಗೆ ಅಲೆ ಓಡುವ ವೇಗ ಇಳಿಯುತ್ತದೆ, ಹಾಗಾಗಿ ಸಿಗ್ನಲ್‌ನ ನಡು ಆವರ್ತನ, ಅಂದರೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವುದರ ನಡುಮಟ್ಟ, ಕೆಳಗೆ ಬರುತ್ತದೆ. ಎತ್ತರ ಮೇಲೆ, ಆವರ್ತನ ಕೆಳಗೆ: ಎರಡೂ ಒಟ್ಟಿಗೆ ಕಂಡರೆ ಸುಸ್ತು. ಅಲ್ಲಾಡದೆ ಹಿಡಿದಾಗ ಮಾತ್ರ ಈ ಲೆಕ್ಕ ನಂಬಬಹುದು.

ಅಮ್ಮನಿಗೆ ಲಕ್ವ ಹೊಡೆದು ಕೈ ಆಡುತ್ತಿಲ್ಲ. ಇದರಿಂದ ಉಪಯೋಗ ಇದೆಯಾ?

ಇದೆ, ಆದರೆ ಪವಾಡ ಅಲ್ಲ. ಮೊದಲ ಉಪಯೋಗ: ಕಣ್ಣಿಗೆ ಕಾಣದ್ದನ್ನು ತೋರಿಸುವುದು. ಬೆರಳು ಎತ್ತಿ ಅಂದಾಗ ಬೆರಳು ಅಲ್ಲಾಡುವುದಿಲ್ಲ, ಮನೆಯವರು "ಏನೂ ಇಲ್ಲ" ಅಂದುಕೊಂಡಿರುತ್ತಾರೆ, ಪರದೆ ಮೇಲೆ ಮಾತ್ರ ಚೂರು ಗೆರೆ ಏಳುತ್ತದೆ. ಆದೇಶ ಸ್ನಾಯುವಿನವರೆಗೆ ಬರುತ್ತಿದೆ ಅಂತ ಅರ್ಥ. ಆ ಗೆರೆಯನ್ನೇ ಗುರಿ ಮಾಡಿಕೊಂಡು ಅಭ್ಯಾಸ ಮಾಡಿಸುತ್ತಾರೆ: ಅಮ್ಮ, ಈ ಕೆಂಪು ಗೆರೆ ಮುಟ್ಟಿಸಿ ನೋಡೋಣ. ಇದಕ್ಕೆ ಬಯೋಫೀಡ್‌ಬ್ಯಾಕ್ ಅಂತ ಹೆಸರು. ಕೆಲವರಿಗೆ ಇದು ಆಟದಂತೆ ಹಿಡಿಸುತ್ತದೆ, ಕೆಲವರಿಗೆ ಪರದೆ ನೋಡಿದರೇ ರೇಗುತ್ತದೆ.

ಎರಡನೆಯದು ಉಲ್ಟಾ ಕೆಲಸ, ಸುಮ್ಮನಿರಿಸುವುದು. ಲಕ್ವದ ನಂತರ ತುಂಬ ಜನಕ್ಕೆ ಕೈ ಎತ್ತಲು ಹೋದರೆ ಮೊಣಕೈ ತಾನಾಗಿ ಮಡಚಿಕೊಳ್ಳುತ್ತದೆ, ಮುಷ್ಟಿ ಬಿಗಿಯುತ್ತದೆ. ಟ್ರೈಸೆಪ್ಸ್ ಕೈ ಚಾಚಲು ನೋಡುತ್ತದೆ, ಬೈಸೆಪ್ಸ್ ಬಿಡುವುದಿಲ್ಲ. ಎರಡಕ್ಕೂ ಸ್ಟಿಕ್ಕರ್ ಹಾಕಿದರೆ ಈ ಜಗಳ ಎದ್ದು ಕಾಣುತ್ತದೆ. ಆಗ ಗುರಿ "ಬೈಸೆಪ್ಸ್ ಗೆರೆ ಕೆಳಗೆ ಇಟ್ಟುಕೊಂಡು ಕೈ ಚಾಚಿ" ಅಂತ ಬದಲಾಗುತ್ತದೆ. "ಜೋರಾಗಿ, ಇನ್ನೂ ಜೋರಾಗಿ" ಅಂತ ಮನೆಯವರು ಹುರಿದುಂಬಿಸುವುದು ಇಂಥ ಕೈಗೆ ಎಷ್ಟೋ ಸಲ ತೊಂದರೆಯನ್ನೇ ಕೊಡುತ್ತದೆ.

ಮೂರನೆಯದರಲ್ಲಿ ಕರೆಂಟ್ ಇದೆ, ಇದನ್ನು ಬೇರೆ ಇಟ್ಟುಕೊಳ್ಳಿ. ರೋಗಿಯ ಸ್ವಂತ ಪ್ರಯತ್ನದ ಗೆರೆ ಒಂದು ಮಟ್ಟ ಮುಟ್ಟಿದ ಕೂಡಲೇ ಯಂತ್ರ ಸ್ನಾಯುವಿಗೆ ಕರೆಂಟ್ ಕೊಟ್ಟು ಚಲನೆಯನ್ನು ಪೂರ್ತಿ ಮಾಡಿಸುತ್ತದೆ. ಪೇಸ್‌ಮೇಕರ್ ಇದ್ದವರು ಇದಕ್ಕೆ ಮೊದಲು ಹೃದಯದ ಡಾಕ್ಟರನ್ನು ಕೇಳಲೇಬೇಕು.

ಇಲ್ಲಿ ಎಂವಿಸಿ ಶೇಕಡಾ ಮೋಸ ಮಾಡುತ್ತದೆ, ಹುಷಾರು. ಪೆಟ್ಟು ಬಿದ್ದ ಕೈಯ "ಗರಿಷ್ಠ" ಅನ್ನುವುದೇ ಚಿಕ್ಕದು. ಆ ಚಿಕ್ಕದರಲ್ಲಿ 80% ಬಂದರೆ ಖುಷಿ ಪಡಬೇಕಾ? ನಾನು ಎರಡು ಕೈಗಳ ಶೇಕಡಾ ಹೋಲಿಸುವುದಿಲ್ಲ. ಯಾವ ಸ್ನಾಯು ಯಾವಾಗ ಎದ್ದಿತು, ಬೇಡದಿದ್ದಾಗ ಮಲಗಿತಾ ಅಂತ ನೋಡುತ್ತೇನೆ.

ನನಗೆ ಟೆನಿಸ್ ಎಲ್ಬೋ. ಮುಂಗೈ ಹಿಂಭಾಗ ನೋವು. ಆದರೆ ನಾನು ಹಿಡಿಯುವುದು ಮುಂಭಾಗದ ಸ್ನಾಯುವಿನಿಂದ ಅಲ್ವಾ?

ಒಂದು ಚೊಂಬು ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಮುಂಗೈ ಹಿಂಭಾಗ ಮುಟ್ಟಿ ನೋಡಿ. ಗಟ್ಟಿಯಾಗಿದೆ ಅಲ್ವಾ? ಬೆರಳು ಮಡಚುವ ಸ್ನಾಯುಗಳು ಮಣಿಕಟ್ಟನ್ನೂ ಮಡಚಲು ಎಳೆಯುತ್ತವೆ, ಅದನ್ನು ತಡೆಯಲು ಹಿಂಭಾಗದವು ಪ್ರತಿ ಸಲ ದುಡಿಯುತ್ತವೆ. ರಾಕೆಟ್ ಬಿಗಿಹಿಡಿಯುವವರಲ್ಲಿ ಈ ಹಿಂಭಾಗದ ಗೆರೆ ಎರಡು ಹೊಡೆತಗಳ ನಡುವೆಯೂ ಇಳಿಯುವುದಿಲ್ಲ. ಅದನ್ನು ಪರದೆ ಮೇಲೆ ತೋರಿಸಿದರೆ "ಲೂಸಾಗಿ ಹಿಡಿ" ಅಂತ ಕೋಚ್ ನೂರು ಸಲ ಹೇಳಿದ್ದು ನೂರಾ ಒಂದನೇ ಸಲಕ್ಕೆ ತಲೆಗೆ ಹೋಗುತ್ತದೆ. ರಾಕೆಟ್ ಆಟಕ್ಕೆ ಇಎಂಜಿ ಕೊಡುವ ಅತಿ ದೊಡ್ಡ ಲಾಭ ನನ್ನ ಪ್ರಕಾರ ಇದೇ.

ಬೌಲರ್ ಚಕ್ಕಿಂಗ್ ಮಾಡುತ್ತಿದ್ದಾನಾ ಅಂತ ಇದರಿಂದ ಹಿಡಿಯಬಹುದಾ?

ಇಲ್ಲ. ಐಸಿಸಿ ನಿಯಮ ಮೊಣಕೈ ನೆಟ್ಟಗಾಗುವ ಕೋನದ್ದು, 15 ಡಿಗ್ರಿ ಮಿತಿ. ಕೋನ ಅಳೆಯುವುದು ಕ್ಯಾಮೆರಾ. ಇಎಂಜಿಗೆ ಕೋನ ಗೊತ್ತಿಲ್ಲ.

ಮುಂಗೈ ಕಳೆದುಕೊಂಡವರ ಕೃತಕ ಕೈಯಲ್ಲೂ ಇದೇ ಇರುತ್ತದಾ?

ಹೌದು. ಉಳಿದ ಮುಂಗೈಯ ಮುಂಭಾಗಕ್ಕೊಂದು, ಹಿಂಭಾಗಕ್ಕೊಂದು ಸೆನ್ಸರ್, ಸ್ಟಿಕ್ಕರ್ ಬದಲು ಸಾಕೆಟ್ ಒಳಗೇ ಕೂರಿಸಿದ ಲೋಹದ ಗುಂಡಿ. ಒಂದು ಬಿಗಿದರೆ ಕೈ ಮುಚ್ಚುತ್ತದೆ, ಇನ್ನೊಂದು ಬಿಗಿದರೆ ತೆರೆಯುತ್ತದೆ. ಬೇಸಿಗೆಯಲ್ಲಿ ಬೆವರು ತೊಂದರೆ ಕೊಡುತ್ತದೆ.

ಎಲ್ಲ ಸರಿ ಮಾಡಿದೆ, ಆದರೂ ಗ್ರಾಫ್ ಅರ್ಥವೇ ಆಗುತ್ತಿಲ್ಲ.

ವೈರು ಅದಲುಬದಲಾಗಿದೆಯಾ ನೋಡಿ. ನಾನೊಮ್ಮೆ ಒಂದು ಇಡೀ ಮಧ್ಯಾಹ್ನ ಬೈಸೆಪ್ಸ್ ಚಾನೆಲ್‌ಗೆ ಟ್ರೈಸೆಪ್ಸ್ ವೈರು ಚುಚ್ಚಿ ಅಳೆದಿದ್ದೇನೆ. ಸಿಗ್ನಲ್ ಸ್ವಚ್ಛ, ಫಿಲ್ಟರ್ ಸರಿ, ಎಲ್ಲ ಚಂದ, ಕೈ ಚಾಚಿದಾಗ ಮಾತ್ರ "ಬೈಸೆಪ್ಸ್" ಏಳುತ್ತಿತ್ತು. ಹೊಸದೇನೋ ಕಂಡುಹಿಡಿದೆ ಅಂತ ಹತ್ತು ನಿಮಿಷ ಖುಷಿಯಾಗಿದ್ದೆ. ಈಗ ಶುರು ಮಾಡುವ ಮುಂಚೆ ಒಂದೊಂದು ಸ್ನಾಯುವನ್ನೂ ಬೇರೆ ಬೇರೆ ಬಿಗಿಸಿ ಹೆಸರು ಕೂಗಿ ನೋಡುತ್ತೇನೆ.

ಮುಂದಿನ ವಾರ ಮತ್ತೆ ಅಳೆಯಬೇಕು. ಅದೇ ಜಾಗ ಹೇಗೆ ಸಿಗುತ್ತದೆ? ಅದೇ ಸ್ಟಿಕ್ಕರ್ ಬಳಸಬಹುದಾ?

ಸ್ಟಿಕ್ಕರ್ ಒಂದೇ ಸಲಕ್ಕೆ. ಜೆಲ್ ಒಣಗಿರುತ್ತದೆ, ಅಂಟಿಗೆ ಚರ್ಮದ ಹೊಟ್ಟು ಮೆತ್ತಿರುತ್ತದೆ. ಪ್ಯಾಕೆಟ್ ಒಡೆದರೆ ಉಳಿದಿದ್ದನ್ನು ಜಿಪ್ ಕವರ್‌ಗೆ ಹಾಕಿಡಿ. ಜಾಗಕ್ಕೆ ಮಚ್ಚೆ ಇದ್ದರೆ ಪುಣ್ಯ, ಅಲ್ಲಿಂದ ಟೇಪ್ ಹಿಡಿದು ಬರೆದುಕೊಳ್ಳಿ. ಇಲ್ಲದಿದ್ದರೆ ಸ್ಟಿಕ್ಕರ್ ಸುತ್ತ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಪೆನ್ನಿನ ಗೆರೆ ನಾಲ್ಕು ಸ್ನಾನಕ್ಕೆ ಹೋಗುತ್ತದೆ, ಫೋಟೋ ಉಳಿಯುತ್ತದೆ.